ಗಾಳಿಯಿಲ್ಲದ ಇಪ್ಪತ್ನಾಲ್ಕು ಗಂಟೆ

ಬಿಸಿಲು ಅಕ್ಕನ ತೊಡೆಯ ಮೇಲೆ ಬಿದ್ದಿದೆ, ಯಾರೂ ಕೇಳದೆ, ಬಿಟ್ಟಿಯಾಗಿ, ಬಸ್ಸು ತಿರುಗಿದಾಗಲೆಲ್ಲ ತಾನೂ ತಿರುಗಿ ಒಮ್ಮೆ ಅಕ್ಕನ ಕೈಮೇಲೆ, ಒಮ್ಮೆ ಆ ಕೈ ಹಿಡಿದಿರುವ ಪ್ಲಾಸ್ಟಿಕ್ ಡಬ್ಬಿಯ ಮೇಲೆ, ಒಮ್ಮೆ ಮುಂದಿನ ಸೀಟಿನವನ ಬೋಳುತಲೆಯ ಮೇಲೆ ಹೋಗಿ ಕೂರುತ್ತಿದೆ — ಬೋಳುತಲೆಗೆ ಯಾಕೆ ಇಷ್ಟು ಬಿಸಿಲು, ಏನು ಬೆಳೆಯಬೇಕಿದೆ ಅಲ್ಲಿ, ಇದರಲ್ಲಿ ಅಂಗೈಯಗಲ ತನ್ನ ಮನೆಯ ಹಿಂದಿನ ಕೋಣೆಗೆ ಬಿದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ, ಪಕ್ಕದಲ್ಲಿ ಕೂತ ತಂಗಿ ಸ್ವೆಟರಿನ ಜೇಬಿಗೆ ಕೈ ಹಾಕುತ್ತಾಳೆ, ಟಿಕೆಟ್ಟು ಇದೆಯೋ ಬಿದ್ದುಹೋಯಿತೋ ಎಂದು, ಟಿಕೆಟ್ಟಿದೆ, ಅದರ ಕೆಳಗೆ ಬೆರಳಿಗೆ ಏನೋ ನುಣ್ಣಗೆ ಸಣ್ಣಗೆ ತಾಕುತ್ತದೆ, ಪೆನ್ನಿನ ಮುಚ್ಚಳವೋ ಏನೋ, ಇರಲಿ, ಇನ್ನೂ ಏಳು ಸ್ಟಾಪು. ಬೆಳಿಗ್ಗೆ ಎಂಟಕ್ಕೆ ಬರಬೇಕಿದ್ದ ಅಕ್ಕನ ಬಸ್ಸು ಹನ್ನೊಂದೂವರೆಗೆ ಬಂತು, ಮೂರೂವರೆ ಗಂಟೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಸೊಂಟ ಸೆಟೆದುಹೋಗಿದೆ, ಆದರೂ ಅವಳು ಒಂದು ಮಾತು ಆಡಿಲ್ಲ, ಇವತ್ತು ಆಡುವುದೂ ಇಲ್ಲ, ಇವತ್ತು ಮಾತಾಡಬೇಕಾದದ್ದು ಅಕ್ಕ. ಅಮ್ಮನ ಗುಲಾಬಿಗಿಡದ ಒಂದು ಕಡ್ಡಿ ಕೊಡೇ ಎಂದು ಅಕ್ಕ ಬಾಯಿಬಿಟ್ಟು ಕೇಳಬೇಕು, ಕೇಳಿದ ಮೇಲೆ ಅವಳು ಅವಸರ ಮಾಡದೆ ಗಿಡವಿಟ್ಟಿರುವ ಬೀರುವಿನ ಚಿಲಕ ತೆಗೆಯಬೇಕು, ಒಳಗಿನ ನೇರಳೆ ಬೆಳಕು ಅಕ್ಕನ ಮುಖಕ್ಕೆ ಹೊಡೆಯಬೇಕು, ಆ ಮುಖ ನೋಡಬೇಕು.

ನೀನು ಬೆಳೆಸ್ತೀಯಾ, ಅಂದಿದ್ದಳು ಅಕ್ಕ, ಎರಡು ವರ್ಷದ ಹಿಂದೆ, ಅಮ್ಮನ ಅಂಗಳದಲ್ಲಿ ಕತ್ತರಿ ಹಿಡಿದು ನಿಂತು, ಅಮ್ಮನ್ನೇ ನೋಡ್ಕೊಳ್ಳೋಕೆ ಪುರುಸೊತ್ತಿರಲಿಲ್ಲ ನಿಂಗೆ, ಇನ್ನು ಗಿಡ ನೋಡ್ಕೊಳ್ತೀಯಾ — ಅಂದರೂ ಮೂರು ಕಡ್ಡಿ ಕತ್ತರಿಸಿಕೊಟ್ಟಳು, ಒದ್ದೆ ಕಾಗದದಲ್ಲಿ ಸುತ್ತಿ, ಮುಷ್ಟಿಗೆ ತುರುಕಿದ ಹಾಗೆ. ಹಾಲಿನ ಕೆನೆಯ ಬಣ್ಣದ ಹೂವು, ಎಸಳಿನ ಅಂಚಿಗೆ ಮಾತ್ರ ಕೆಂಪು, ಯಾವ ನರ್ಸರಿಯವನೂ ಅದರ ಹೆಸರು ಹೇಳಲಾರ, ಅಮ್ಮ ಅದನ್ನು ಎಲ್ಲಿಂದ ತಂದಿದ್ದಳೋ ಅದೂ ಗೊತ್ತಿಲ್ಲ, ಕೇಳಿದರೆ, ಬಂತು ಕಣೇ ಹೇಗೋ, ನೀವಿಬ್ರೂ ಬಂದ ಹಾಗೆ, ಅಂತ ನಗುತ್ತಿದ್ದಳು. ಒಂದು ಕಡ್ಡಿ ವಾರಕ್ಕೇ ಕಪ್ಪಾಯಿತು, ಇನ್ನೊಂದು ಚಿಗುರಿ ಒಣಗಿತು, ಮೂರನೆಯದು ಹಟಮಾರಿ, ಸಾಯಲೂ ಇಲ್ಲ ಬದುಕಲೂ ಇಲ್ಲ, ಥೇಟ್ ಅವಳ ಹಾಗೇ. ಕಳೆದ ತಿಂಗಳು ಅಕ್ಕನ ಫೋನು: ಅಳಿಯ ಕಾರು ನಿಲ್ಲಿಸೋಕೆ ಅಂಗಳಕ್ಕೆಲ್ಲ ಸಿಮೆಂಟು ಹಾಕಿಸ್ಬಿಟ್ಟ ಕಣೇ, ನಾನು ಊರಲ್ಲಿರಲಿಲ್ಲ, ಬಂದು ನೋಡಿದ್ರೆ ಗಿಡ ಇಲ್ಲ, ಬೇರು ಕೂಡ ಇಲ್ಲ — ನಿನ್ನ ಹತ್ರ ಇರೋದು ಬದುಕಿದೆಯಾ? ಬದುಕಿದೆ, ಅಂದಳು ಇವಳು, ನನ್ನ ದೀಪದ ಕೆಳಗೆ ಮೊಗ್ಗು ಬಿಟ್ಟಿದೆ. ಆ ಎರಡು ಮಾತು ಹೇಳುವಾಗ ನಾಲಿಗೆಗೆ ಆದ ಸುಖ! ಪಾಪ ಅನ್ನಿಸಲಿಲ್ಲವೇ ಅಂದರೆ ಅನ್ನಿಸಲಿಲ್ಲ, ಅನ್ನಿಸಬೇಕಿತ್ತು, ಅನ್ನಿಸಲಿಲ್ಲ, ಏನು ಮಾಡುವುದು.

ಬಸ್ಸು ಆಸ್ಪತ್ರೆ ಸ್ಟಾಪಿನಲ್ಲಿ ನಿಲ್ಲುತ್ತದೆ, ಕಾಲಿಗೆ ಪಟ್ಟಿ ಕಟ್ಟಿಸಿಕೊಂಡವನೊಬ್ಬ ಹತ್ತುತ್ತಾನೆ, ಅಕ್ಕ ಡಬ್ಬಿಯನ್ನು ಎದೆಗವಚಿಕೊಂಡು ಜಾಗ ಮಾಡಿಕೊಡುತ್ತಾಳೆ, ಏನಿದೆ ಆ ಡಬ್ಬಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿದೆ, ಕೇಳುವುದಿಲ್ಲ ಅವಳು, ಮೊದಲು ಅಕ್ಕ ಕೇಳಲಿ. ಹಿಂದಿನ ಕೋಣೆಯ ಕಿಟಕಿಗೆ ಮೊದಲು ಬಿಸಿಲಿತ್ತು, ದಿನಕ್ಕೆ ಒಂದೂವರೆ ಗಂಟೆ, ಪಕ್ಕದ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದ ಮೇಲೆ ಅದೂ ಹೋಯಿತು, ಈಗ ಕಿಟಕಿ ತೆಗೆದರೆ ಕೈಚಾಚಿ ಮುಟ್ಟುವಷ್ಟು ದೂರದಲ್ಲಿ ಬಣ್ಣ ಬಳಿಯದ ಗೋಡೆ, ಗಿಡ ಬಿಳಿಚಿಕೊಂಡು ಉದ್ದುದ್ದ ಬೆಳೆದು ಕತ್ತು ಚಾಚಿ ಆ ಗೋಡೆಯನ್ನೇ ನೋಡುತ್ತಿತ್ತು. ಮಹಡಿಯವರ ತಾರಸಿಯಲ್ಲಿಡೋಣ, ಕೇಳಿ ನೋಡ್ತೀನಿ, ಅಂದ ಗಂಡ, ಗಡಿಯಾರ ರಿಪೇರಿ ಮಾಡುವವನು, ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಇಡೀ ದಿನ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತಿರುತ್ತಾನೆ. ಯಾರ ಹಂಗೂ ಬೇಡ, ಅಂದಳು ಇವಳು, ಮಹಡಿಯವರದೂ ಬೇಡ ಸೂರ್ಯನದೂ ಬೇಡ, ಇಪ್ಪತ್ತಾರು ವರ್ಷ ದೀಪದ ಕಾರ್ಖಾನೆಯಲ್ಲಿ ಸವೆದವಳು ನಾನು, ಒಂದು ಗಿಡಕ್ಕೆ ಬೆಳಕು ಮಾಡಿಕೊಡೋಕೆ ಬರಲ್ವಾ ನಂಗೆ. ಚಪ್ಪಲಿ ಇಡುವ ಹಳೇ ಮರದ ಬೀರು ಖಾಲಿ ಮಾಡಿದಳು, ನಡುವಿನ ಹಲಗೆಗಳನ್ನು ಕಿತ್ತಳು, ಒಳಗೆಲ್ಲ ಬೆಳ್ಳಿಕಾಗದ ಅಂಟಿಸಿದಳು, ಮುರಿದ ಕಿಟಕಿಯ ಅಲ್ಯೂಮಿನಿಯಂ ಪಟ್ಟಿಯ ಮೇಲೆ ಹನ್ನೆರಡು ಎಲ್‌ಇಡಿ ಮಣಿ, ಏಳು ಕೆಂಪು, ಮೂರು ನೀಲಿ, ಎರಡು ಬಿಳಿ, ಒಂದೊಂದನ್ನೂ ಚಿಮಟದಲ್ಲಿ ಹಿಡಿದು, ಪ್ಲಸ್ಸು ಮೈನಸ್ಸು ಎರಡೆರಡು ಸಲ ನೋಡಿ ಬೆಸುಗೆ ಹಾಕಿದಳು, ಹಳೇ ಕಂಪ್ಯೂಟರಿನ ಫ್ಯಾನೊಂದನ್ನು ಬೆನ್ನಿಗೆ ಕೂರಿಸಿದಳು, ಕಾರ್ಖಾನೆಯ ಪದ್ಧತಿಯ ಪ್ರಕಾರ ದೀಪಕ್ಕೊಂದು ಫ್ಯೂಸು, ಫ್ಯಾನಿಗೊಂದು ಫ್ಯೂಸು. ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ, ಕಾರ್ಖಾನೆ ಬಿಟ್ಟ ಏಳು ತಿಂಗಳ ಮೇಲೆ ಮೊದಲ ಬಾರಿಗೆ ಹಸಿವಾಯಿತು. ನಲವತ್ತು ದಿನ, ಗಿಡದ ಕತ್ತು ನೆಟ್ಟಗಾಯಿತು, ಹಳೇ ಎಲೆ ಉದುರಿ ಹೊಸದು ಬಂತು, ಒಂದು ಬೆಳಿಗ್ಗೆ ತುದಿಯಲ್ಲಿ ಮೆಣಸುಕಾಳಿನಷ್ಟು ಹಸಿರು ಗಂಟು, ಬಟಾಣಿಯಾಯಿತು, ಬಟಾಣಿಯ ಬಾಯಲ್ಲಿ ಕೆನೆಬಣ್ಣ ಇಣುಕಿತು — ಗಂಡನನ್ನು ಕರೆದು ತೋರಿಸಿದಳು, ಅವನು ಭೂತಗನ್ನಡಿ ತೆಗೆಯುವುದನ್ನೂ ಮರೆತು ಬಗ್ಗಿ ನೋಡಿದ, ಅಮ್ಮ ಬಂದ್ರು ನೋಡು, ಅಂದ. ಅವನು ಅಷ್ಟು ಮಾತಾಡುವವನಲ್ಲ, ಆಡಬಾರದಿತ್ತು, ಆಡಿದ್ದಕ್ಕೇ ಅವಳು ಅಲ್ಲಿ ನಿಲ್ಲಲಾಗದೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು.

ಗಿರಣಿ ಸ್ಟಾಪು, ಇಳಿಯುವವರು ಇಳಿಯುತ್ತಾರೆ, ಬೆರಳು ಮತ್ತೆ ಜೇಬಿನಲ್ಲಿ, ಆ ನುಣ್ಣನೆಯದನ್ನು ತಿರುವುತ್ತಿದೆ, ಎರಡೂ ತುದಿ ಒರಟು, ನಡುವೆ ಜಾರುತ್ತದೆ, ಕಾರ್ಖಾನೆಯಲ್ಲೂ ಹೀಗೇ ಏಪ್ರನ್ನಿನ ಜೇಬಿನಲ್ಲಿ ಸದಾ ಏನಾದರೊಂದು ತಿರುವುತ್ತಿದ್ದಳಂತೆ, ಪಕ್ಕದ ಟೇಬಲ್ಲಿನ ಗುಂಗುರುಕೂದಲಿನವಳು ಅಣಕಿಸುತ್ತಿದ್ದಳು, ನೋಡ್ರೇ ನೋಡ್ರೇ, ಇಪ್ಪತ್ನಾಲ್ಕು ಗಂಟೆ ಜಪ ಮಾಡ್ತಿದ್ದಾಳೆ. ಇಪ್ಪತ್ನಾಲ್ಕು ಗಂಟೆ — ಅದು ಅವಳ ಅಡ್ಡಹೆಸರು, ಹಾಜರಿ ಪುಸ್ತಕದ ಹೆಸರು ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಹೊಸ ದೀಪ ಯಾವುದೇ ಇರಲಿ, ಇಪ್ಪತ್ನಾಲ್ಕು ಗಂಟೆ ಒಂದೇ ಸಮ ಉರಿಸದೆ ಅವಳು ಪಾಸು ಮಾಡುತ್ತಿರಲಿಲ್ಲ, ಅದಕ್ಕೊಂದು ಕೋಣೆ, ಬರ್ನಿಂಗ್ ರೂಮು, ಕಿಟಕಿಯಿಲ್ಲ, ಗಾಳಿಯಿಲ್ಲ, ಫ್ಯಾನು ಬಂದ್, ತನ್ನ ಶಾಖದಲ್ಲಿ ತಾನೇ ಬೇಯುತ್ತ ಸಾಯದೆ ಉಳಿದ ದೀಪ ಮಾತ್ರ ಹೊರಗೆ ಹೋಗಲು ಯೋಗ್ಯ. ಮೊದಲೆಲ್ಲ ಯಾರೋ ಕರುಣಾಳುಗಳು ಒಳಗೆ ಹೋದಾಗ ಸೆಕೆ ತಾಳದೆ ಫ್ಯಾನು ಹಾಕಿಬಿಡುತ್ತಿದ್ದರು, ಪರೀಕ್ಷೆ ಹಾಳು, ಮತ್ತೆ ಮೊದಲಿಂದ, ಅದಕ್ಕೇ ಈ ನಿಯಮ: ಪರೀಕ್ಷೆ ಮಾಡುವವರು ಫ್ಯಾನಿನ ಫ್ಯೂಸನ್ನೇ ಕಿತ್ತು ತಮ್ಮ ಜೇಬಿನಲ್ಲಿಟ್ಟುಕೊಳ್ಳಬೇಕು, ರಿಜಿಸ್ಟರಿಗೆ ಸಹಿ ಹಾಕಿದ ಮೇಲೇ ವಾಪಸು ಹಾಕಬೇಕು. ಇಪ್ಪತ್ತಾರು ವರ್ಷ, ಒಂದು ಸಲವೂ ತಪ್ಪಿಲ್ಲ. ಕಡೆಗೆ ಕ್ಯಾಮೆರಾ ಇರುವ ಯಂತ್ರ ಬಂತು, ಮೀಸೆ ಸರಿಯಾಗಿ ಮೂಡದ ಸೂಪರ್‌ವೈಸರ್ ಬಂದ, ಇನ್ನು ಎರಡು ಗಂಟೆ ಸಾಕು ಮೇಡಂ, ಉಳಿದಿದ್ದು ಯಂತ್ರ ಲೆಕ್ಕ ಹಾಕಿ ಹೇಳುತ್ತೆ. ಯಂತ್ರಕ್ಕೆ ಏನು ಗೊತ್ತಪ್ಪ, ಅಂದಳು, ಹನ್ನೊಂದನೇ ಗಂಟೆಗೆ ಸಾಯೋ ದೀಪಗಳಿವೆ, ಇಪ್ಪತ್ಮೂರನೇ ಗಂಟೆಗೆ ಸಾಯೋವಿವೆ. ಅವನು ನಕ್ಕ. ವಿದಾಯಕ್ಕೆ ಒಂದು ಗೋಡೆ ಗಡಿಯಾರ ಕೊಟ್ಟರು, ಗಡಿಯಾರ ರಿಪೇರಿಯವನ ಹೆಂಡತಿಗೆ ಗಡಿಯಾರ! ಗಂಡ ಅದನ್ನು ಬಿಚ್ಚಿ ನೋಡಿ, ಕಳಪೆ ಮಾಲು, ಅಂತ ಮತ್ತೆ ಮುಚ್ಚಿಟ್ಟ.

ಆ ದಿನವೂ ಬರ್ನಿಂಗ್ ರೂಮೇ. ಅದನ್ನು ನೆನೆಯಬಾರದು ಅಂದುಕೊಂಡಷ್ಟೂ ಅದೇ ಬರುತ್ತದೆ, ಅಕ್ಕ ಪಕ್ಕದಲ್ಲಿ ಕೂತಿರುವಾಗ ಬರದೆ ಇನ್ನು ಯಾವಾಗ ಬರಬೇಕು — ಅಮ್ಮನಿಗೆ ಉಸಿರು ಕಟ್ತಿದೆ, ಹೊರಡು, ಅಂತ ಅಕ್ಕನ ಫೋನು ಬಂದಾಗ ಹದಿನಾರನೇ ಗಂಟೆ ನಡೆಯುತ್ತಿತ್ತು, ಆಸ್ಪತ್ರೆಯೊಂದಕ್ಕೆ ಹೋಗಬೇಕಾದ ದೀಪಗಳು, ಆಪರೇಷನ್ ಟೇಬಲ್ ಮೇಲೆ ತೂಗುವಂಥವು, ಇನ್ನೆಂಟು ಗಂಟೆ, ಸಹಿ ಹಾಕಿ ಹೊರಟುಬಿಡ್ತೀನಿ, ಅಂದಳು, ಅಮ್ಮ ಇದಕ್ಕೆ ಮುಂಚೆ ಮೂರು ಸಲ ಹೀಗೇ ಹೆದರಿಸಿ ಎದ್ದು ಕೂತಿದ್ದಳಲ್ಲ, ನಾಲ್ಕನೇ ಸಲವೂ ಹಾಗೇ ಅಂದುಕೊಳ್ಳುವುದು ತಪ್ಪೇ? ಫ್ಯೂಸನ್ನು ಇನ್ನೊಬ್ಬಳ ಕೈಗೆ ಕೊಟ್ಟು ಹೊರಡಬಹುದಿತ್ತು. ಕೊಡಲಿಲ್ಲ. ಹೋಗಿ ಮುಟ್ಟಿದಾಗ ಅಂಗಳದ ತುಂಬ ಚಪ್ಪಲಿ, ಒಳಗೆ ನೆಂಟರೆಲ್ಲ ಗೋಡೆಗೊರಗಿ ಕೂತಿದ್ದಾರೆ, ಎಲ್ಲರೂ ತಲೆಯೆತ್ತಿ ನೋಡಿದರು, ಅಕ್ಕ ಕೂತಲ್ಲಿಂದಲೇ, ಗಟ್ಟಿಯಾಗಿ, ಎಲ್ಲರ ಕಿವಿಗೂ ಬೀಳುವ ಹಾಗೆ: ಬಂದ್ಲು ನೋಡಿ, ಇವಳ ದೀಪ ಉರೀತಾ ಇತ್ತು, ಅಮ್ಮ ಆರಿಹೋದ್ಲು. ಗಾಯಕ್ಕೆ ಉಪ್ಪು ಸವರುವುದು ಅಂತಾರಲ್ಲ, ಹಾಗಲ್ಲ, ಉಪ್ಪು ಸ್ವಲ್ಪ ಹೊತ್ತಿಗೆ ಕರಗುತ್ತದೆ, ಈ ಮಾತು ಎರಡು ವರ್ಷದಿಂದ ಕರಗಿಲ್ಲ, ಅನ್ನಕ್ಕೆ ಕೈ ಹಾಕಿದಾಗ, ತಲೆ ಬಾಚುವಾಗ, ಸ್ವಿಚ್ಚು ಒತ್ತಿದಾಗಲೆಲ್ಲ. ಅದಕ್ಕೇ ಗಿಡ. ಅದಕ್ಕೇ ದೀಪ. ಇವಳ ದೀಪದ ಕೆಳಗೆ ಅಮ್ಮನ ಗಿಡ ಬದುಕಿದೆ ಎನ್ನುವುದನ್ನು ಅಕ್ಕ ಕಣ್ಣಾರೆ ನೋಡಬೇಕು, ಬೇರೇನೂ ಬೇಡ, ಕ್ಷಮೆಯೂ ಬೇಡ, ನೋಡಬೇಕು ಅಷ್ಟೆ.

ಇನ್ನು ಮೂರು ಸ್ಟಾಪು, ಅಕ್ಕ ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಾಳೆ, ಹೇಳಲಿ ಹೇಳಲಿ, ಅವಸರವೇನಿಲ್ಲ. ಅಕ್ಕ ಬರುತ್ತಾಳೆಂದ ಮೇಲೆ ಹನ್ನೆರಡು ಮಣಿಯ ದೀಪ ಅವಳ ಕಣ್ಣಿಗೇ ಬಡಕಲಾಗಿ ಕಾಣತೊಡಗಿತು, ಇರೋದೇ ಸಾಕಲ್ಲ, ಗಿಡ ಚೆನ್ನಾಗಿದೆ, ಅಂದ ಗಂಡ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ, ಮೂವತ್ತು ಮಣಿಯ ಹೊಸ ಪಟ್ಟಿ ಮಾಡಿದಳು, ಬಾಗಿಲು ತೆಗೆದರೆ ಕಣ್ಣು ಕುಕ್ಕಬೇಕು, ಅಕ್ಕ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಹೊಸ ದೀಪ ಅಂದ ಮೇಲೆ ಹೊಸ ಪರೀಕ್ಷೆ, ಗಿಡವನ್ನು ಹೊರಗಿಟ್ಟು, ಬೀರು ಮುಚ್ಚಿ, ಇಪ್ಪತ್ನಾಲ್ಕು ಗಂಟೆ ಉರಿಸಿದಳು, ಗಂಡ ನಗಲೂ ಇಲ್ಲ ಬೇಡವೆನ್ನಲೂ ಇಲ್ಲ, ಒಳಗಿಟ್ಟಿದ್ದ ಶಾಖದ ಮಾಪಕ ಅರವತ್ತೆರಡು ಡಿಗ್ರಿ ತೋರಿಸಿತು, ಒಂದು ಮಣಿಯೂ ಸಾಯಲಿಲ್ಲ, ನೋಟುಬುಕ್ಕಿನಲ್ಲಿ ಬರೆದಳು, ಅರವತ್ತೆರಡು, ಪಾಸು, ಅಡಿಗೆರೆ ಎಳೆದಳು, ಸಹಿ ಹಾಕಬೇಕು ಅನ್ನುವಷ್ಟರಲ್ಲಿ ಗ್ಯಾಸಿನವನು ಬಾಗಿಲು ಬಡಿದ, ಆಮೇಲೆ ಅಕ್ಕನ ಫೋನು, ಬಸ್ಸು ಹತ್ತಿದೆ, ಬೆಳಿಗ್ಗೆ ಎಂಟಕ್ಕೆ ಬಂದುಬಿಡು ಅಂತ, ಆಮೇಲೆ ಮನೆ ಗುಡಿಸಿದ್ದು, ಹಾಸಿಗೆಗೆ ಹೊಸ ಹೊದಿಕೆ, ಇವತ್ತು ಆರಕ್ಕೆ ಎದ್ದವಳು ಗಿಡವನ್ನು ಒಳಗಿಟ್ಟಳು, ಮೊಗ್ಗು ಇವತ್ತೋ ನಾಳೆಯೋ ಬಿರಿಯುವ ಹಾಗಿತ್ತು, ದೀಪ ಹಾಕಿದಳು, ಬಾಗಿಲು ಮುಚ್ಚಿ ಚಿಲಕವಿಟ್ಟಳು, ಒಂದು ಗಳಿಗೆ ಕಿವಿಗೊಟ್ಟು ನಿಂತಳು, ಸದ್ದಿಲ್ಲ, ಎಲ್ಲ ಸರಿ, ಬರ್ನಿಂಗ್ ರೂಮಿನ ಕಿವಿ ಅದು, ಸದ್ದಿಲ್ಲದಿದ್ದರೆ ಎಲ್ಲ ಸರಿ — ಸದ್ದಿಲ್ಲ. ಫ್ಯಾನಿದ್ದರೆ ಸದ್ದಿರುತ್ತದೆ. ನಲವತ್ತು ದಿನವೂ ಗುಂಯ್ ಅನ್ನುತ್ತಿತ್ತಲ್ಲ. ಪರೀಕ್ಷೆಗೆಂದು ಫ್ಯಾನಿನ ಫ್ಯೂಸು ಕಿತ್ತಿದ್ದಳು, ಕಿತ್ತು, ಏಪ್ರನ್ನಿಲ್ಲವಲ್ಲ ಈಗ, ಬಾಗಿಲ ಹಿಂದೆ ನೇತುಹಾಕಿದ್ದ ಸ್ವೆಟರಿನ ಜೇಬಿಗೆ, ಸಹಿ ಹಾಕಿದ ಮೇಲೆ ವಾಪಸು ಹಾಕಲು, ಸಹಿ ಹಾಕಲಿಲ್ಲ, ಬೆಳಿಗ್ಗೆ ಚಳಿಯಿತ್ತು, ಅದೇ ಸ್ವೆಟರು — ಬೆರಳು ನಿಲ್ಲುತ್ತದೆ. ತೆಗೆಯುವುದು ಬೇಡ, ತೆಗೆಯದಿದ್ದರೆ ಅದು ಪೆನ್ನಿನ ಮುಚ್ಚಳವೇ ಆಗಿರಬಹುದು. ತೆಗೆಯುತ್ತಾಳೆ. ಅಂಗೈಯಲ್ಲಿ ಗಾಜಿನ ಪುಟ್ಟ ಕೊಳವೆ, ಎರಡೂ ತುದಿಗೆ ತಗಡಿನ ಟೋಪಿ, ನಡುವೆ ಕೂದಲೆಳೆಯಂಥ ತಂತಿ.

ಆರರಿಂದ ಹನ್ನೆರಡೂವರೆ, ಆರೂವರೆ ಗಂಟೆ, ಅರವತ್ತೆರಡು, ಅರವತ್ತೆರಡರಲ್ಲಿ ಸೊಪ್ಪು ಬೇಯುತ್ತದೆಯೇ, ಬೇಯುವುದಿಲ್ಲ, ಬಾಡುತ್ತದೆ ಅಷ್ಟೆ, ಬೇಯುತ್ತದೆ, ಫೋನು, ಫೋನೆಲ್ಲಿ, ಬ್ಯಾಗಿನ ತಳದಲ್ಲಿ, ಎತ್ತಿ, ಎತ್ತಿ, ಈ ಮನುಷ್ಯ ಒಂದು ಸ್ಕ್ರೂ ತಿರುಗಿಸಿ ಮುಗಿಸುವವರೆಗೆ ಫೋನು ಎತ್ತುವುದಿಲ್ಲ — ಹೇಳು, ಅನ್ನುತ್ತಾನೆ. ರೀ, ಬೀರು ಬಾಗಿಲು ತೆಗೀರಿ. ಮುಟ್ಟಬೇಡಿ ಅಂದಿದ್ದೆಯಲ್ಲ. ತೆಗೀರಿ ಅಂದ್ನಲ್ಲ ಈಗ. ಅಲ್ಲ, ಮುಟ್ಟಿದ್ರೆ ಕೈ ಮುರೀತೀನಿ ಅಂದೆ ಬೆಳಿಗ್ಗೆ — ಅಂದಿದ್ದಳು, ನಿಜ, ಅವನು ಹಾಗೇ, ಹಾಲು ನೋಡ್ಕೊಳ್ಳಿ ಅಂದರೆ ಉಕ್ಕಿ ಒಲೆಯಾರುವವರೆಗೂ ನೋಡುತ್ತ ನಿಲ್ಲುವವನು, ಹೇಳಿದ್ದಕ್ಕೆ ಒಂದು ಕೂದಲೂ ಹೆಚ್ಚಿಲ್ಲ ಒಂದು ಕೂದಲೂ ಕಮ್ಮಿಯಿಲ್ಲ, ಅದು ಸಾಧುತನವೋ ಇಪ್ಪತ್ತೆಂಟು ವರ್ಷದ ಬೈಗುಳಕ್ಕೆ ತೀರಿಸಿಕೊಳ್ಳುವ ಸೇಡೋ ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ — ಕುರ್ಚಿ ಹಿಂದಕ್ಕೆ ಸರಿದ ಸದ್ದು, ಹವಾಯಿ ಚಪ್ಪಲಿಯ ಸದ್ದು, ನಡೆಯುತ್ತ ನಡೆಯುತ್ತ ಅವನು, ಒಂಬತ್ತು ಗಂಟೆಯಿಂದ ಒಂಥರಾ ವಾಸನೆ ಬರ್ತಿತ್ತು ಕಣೇ, ಸೊಪ್ಪು ಬೇಯಿಸಿದ ಹಾಗೆ, ಪಕ್ಕದವರ ಅಡುಗೆ ಅಂದ್ಕೊಂಡೆ, ಆಮೇಲೆ ಬೀರುವಿಂದಾನೇ ಅನ್ನಿಸ್ತು, ನೀನು ಮುಟ್ಟಬೇಡಿ ಅಂದಿದ್ದೆ ಅಂತ ಸುಮ್ನಾದೆ. ಒಂಬತ್ತು ಗಂಟೆಯಿಂದ. ಚಿಲಕದ ಸದ್ದು. ಆಮೇಲೆ ಏನೂ ಇಲ್ಲ. ರೀ. ಏನೂ ಇಲ್ಲ. ರೀ, ಮಾತಾಡ್ರೀ. ಎಲೆ ಎಲ್ಲಾ ಜೋತುಬಿದ್ದಿದೆ, ಅನ್ನುತ್ತಾನೆ, ಮೆಲ್ಲಗೆ, ಯಾರೋ ಮಲಗಿರುವ ಕೋಣೆಯಲ್ಲಿ ಮಾತಾಡುವವನ ಹಾಗೆ. ಮೊಗ್ಗು? ಮೊಗ್ಗು ಕಂದಾಗಿದೆ. ಕಾಂಡ? ಕಾಂಡ ಮುಟ್ಟಿದ್ರೆ... ಮೆತ್ತಗಿದೆ ಕಣೇ. ನೀರು ಹಾಕ್ಲಾ? ನೀರು ಹಾಕ್ಲಾ, ಹೇಳು, ನೀನು ಹೇಳಿದ ಹಾಗೆ ಮಾಡ್ತೀನಿ. ಅವಳು ಫೋನು ಇಡುತ್ತಾಳೆ, ದೀಪ ಮಾತ್ರ ಪಾಸು, ಮೂವತ್ತು ಮಣಿಯಲ್ಲಿ ಒಂದೂ ಸತ್ತಿರುವುದಿಲ್ಲ, ಅಷ್ಟು ಒಳ್ಳೇ ದೀಪ.

ಯಾರೇ, ನಿಮ್ಮನೆಯವರಾ? ಅಕ್ಕ ಕೇಳುತ್ತಾಳೆ. ಹೂಂ. ಎರಡು ಸ್ಟಾಪು. ಅಕ್ಕ ಡಬ್ಬಿಯ ಬಟ್ಟೆ ಬಿಚ್ಚುತ್ತಿದ್ದಾಳೆ, ಗಂಟು ಬಿಗಿಯಾಗಿದೆ, ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಾಳೆ, ಚಿಕ್ಕವಳಿದ್ದಾಗಲೂ ಹೀಗೇ, ಇವಳ ಜಡೆಯ ಸಿಕ್ಕನ್ನೂ ಹೀಗೇ — ಒಳಗೆ ಮಣ್ಣು. ಬರೀ ಮಣ್ಣು, ಕಪ್ಪಗೆ, ಒಣಗಿ ಹೆಂಟೆಯಾದದ್ದು. ಅಮ್ಮನ ಅಂಗಳದ್ದು, ಅನ್ನುತ್ತಾಳೆ ಅಕ್ಕ, ಸಿಮೆಂಟಿನವರು ಮೂಲೆಯಲ್ಲಿ ಗುಡ್ಡೆ ಹಾಕಿದ್ರು, ಗಾಡಿಯವನು ಬಂದು ತುಂಬ್ಕೊಂಡು ಹೋಗೋಕೆ ಮುಂಚೆ ಎರಡು ಬೊಗಸೆ ಎತ್ಕೊಂಡೆ, ಇದರಲ್ಲೇ ನೆಡೋಣ ಅಂತ, ಒಂದು ಕಡ್ಡಿ ಕೊಡ್ತೀಯಲ್ಲ ನಂಗೆ? ಕೇಳಿಬಿಟ್ಟಳು. ಎಷ್ಟು ದಿನ ಕಾದ ಮಾತು, ಎಷ್ಟು ಸುಲಭವಾಗಿ ಕೇಳಿಬಿಟ್ಟಳು, ಬಸ್ಸಿನ ಸದ್ದಿನಲ್ಲಿ, ಬಿಸಿಲಿನಲ್ಲಿ, ಮುಖದಲ್ಲಿ ಅವಮಾನವೂ ಇಲ್ಲ ಏನೂ ಇಲ್ಲ, ಬರೀ ವಯಸ್ಸು. ಅವತ್ತು ನಾನು ಹಾಗನ್ನಬಾರದಿತ್ತು ಕಣೇ, ಅಷ್ಟು ಜನರ ಮುಂದೆ, ಅನ್ನುತ್ತಾಳೆ ಅಕ್ಕ, ಮಣ್ಣು ನೋಡುತ್ತ, ಅಂದಾದ ಮೇಲೆ ನುಂಗೋಕಾಗುತ್ತಾ ಹೇಳು, ನೋಡು ಈಗ, ನಿನ್ನ ದೀಪಾನೇ ಅಮ್ಮನ್ನ ಉಳಿಸ್ತು. ಸುಮ್ಮನಿರು ಅಕ್ಕ, ಅನ್ನಬೇಕು, ಬೇಯಿಸಿಬಿಟ್ಟೆ ಕಣೇ, ಅನ್ನಬೇಕು, ಮುಷ್ಟಿ ಬಿಗಿದಿದೆ, ಅಕ್ಕ ಆ ಮುಷ್ಟಿಯನ್ನು ನೋಡುತ್ತಾಳೆ, ಏನೇ ಅದು, ಕೈಯಲ್ಲಿ, ಇಷ್ಟು ಬಿಗಿಯಾಗಿ ಹಿಡ್ಕೊಂಡಿದೀಯ, ಬೆರಳು ಒಂದೊಂದಾಗಿ ಬಿಡಿಸುತ್ತಾಳೆ, ಬಾಯಿಗೆ ಹಾಕಿಕೊಳ್ಳಹೊರಟ ಕಲ್ಲನ್ನು ಮಗುವಿನ ಕೈಯಿಂದ ಬಿಡಿಸುವ ಹಾಗೆ, ಎತ್ತಿಕೊಳ್ಳುತ್ತಾಳೆ, ಫ್ಯೂಸಾ, ಸುಟ್ಟುಹೋಗಿದೆಯಾ, ಅನ್ನುತ್ತ ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಇಲ್ಲ ಕಣೇ, ಚೆನ್ನಾಗೇ ಇದೆ, ತಂತಿ ತುಂಡಾಗಿಲ್ಲ. ಗಾಜಿನೊಳಗೆ ತಂತಿ, ಬಿಸಿಲು ಬಿದ್ದು ಹೊಳೆಯುತ್ತದೆ, ತುಂಡಾಗಿಲ್ಲ, ಕೂದಲೆಳೆಯಷ್ಟು, ಈ ತುದಿಯಿಂದ ಆ ತುದಿಗೆ ನೆಟ್ಟಗೆ, ಅಕ್ಕನ ಬೆರಳಿನ ನಡುವೆ, ತುಂಡಾಗಿಲ್ಲ, ಬಸ್ಸು ನಿಂತಿದೆ, ಇಳಿಯಬೇಕು, ತಂತಿ, ತುಂಡಾಗಿಲ್ಲ —